ತೌಡು ಕೊಟ್ಟು ಕೊಂಡ ಹೆಸರು

ನಮ್ಮ ನೆಂಟರಿಷ್ಟರಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಜೋಯಿಸರಿಗಿಂತ ಮೊದಲು ಫೋನ್ ಬರುವುದು ನನಗೆ. "ದೊಡ್ಡಮ್ಮ, 'ಹ' ಅಕ್ಷರ ಬಂದಿದೆ, ಒಂದೊಳ್ಳೆ ಹೆಸ್ರು ಹೇಳಿ" ಅಂತ ಒಬ್ಬರು. "ಅತ್ತೆ, ಎರಡೇ ಅಕ್ಷರ ಇರ್ಬೇಕು, ಕ್ಲಾಸಲ್ಲಿ ಇನ್ಯಾರಿಗೂ ಇರ್ಬಾರ್ದು" ಅಂತ ಇನ್ನೊಬ್ಬರು. ನಾನು ಗೌರಿಬಿದನೂರಿನಲ್ಲಿ ಹುಟ್ಟಿ, ಚಿಕ್ಕಬಳ್ಳಾಪುರಕ್ಕೆ ಸೊಸೆಯಾಗಿ ಬಂದು, ಶಿಡ್ಲಘಟ್ಟದ ಸುತ್ತಮುತ್ತಲ ಹಳ್ಳಿ ಶಾಲೆಗಳಲ್ಲಿ ಮೂವತ್ತೈದು ವರ್ಷ ಪಾಠ ಹೇಳಿ ನಿವೃತ್ತಳಾದವಳು. ಮಕ್ಕಳನ್ನು ಒಂದನೇ ಕ್ಲಾಸಿಗೆ ಸೇರಿಸಲು ಬಂದ ತಾಯಂದಿರು "ನೀವೇ ಒಂದು ಚೆಂದದ ಹೆಸ್ರು ಬರ್ಕೊಳ್ಳಿ ಮೇಡಂ" ಅನ್ನುತ್ತಿದ್ದ ಕಾಲ ಅದು. ನಾನೂ ಹಿಂದೆಮುಂದೆ ನೋಡದೆ ಬರೆದುಕೊಂಡುಬಿಡುತ್ತಿದ್ದೆ. ಹೆಸರಿನ ಹುಚ್ಚು ಹತ್ತಿದ್ದು ಹಾಗೆ.

ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ ನನ್ನ ಹತ್ತಿರ. ಎಡಕ್ಕೆ ಹೆಸರು, ಬಲಕ್ಕೆ ಅರ್ಥ, ಅದರ ಪಕ್ಕದಲ್ಲಿ ಅದು ಯಾವ ಭಾಷೆಯಿಂದ ಬಂತು ಅನ್ನುವುದು. ಅಕ್ಷರ ದುಂಡಗಿದೆ. ಇದನ್ನು ನಾನೇ ಹೇಳಿಕೊಳ್ಳುತ್ತಿದ್ದೇನೆ, ಇನ್ಯಾರೂ ಹೇಳುವುದಿಲ್ಲವಲ್ಲ. ಈ ಬರಹದಲ್ಲಿ ನಮ್ಮ ಹೆಸರುಗಳನ್ನು ಹಾಕಕೂಡದು ಎಂದು ಮನೆಯವರೆಲ್ಲ ತಾಕೀತು ಮಾಡಿದ್ದಾರೆ. ಹೆಸರಿನ ಹುಚ್ಚಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಹಾಕಿದರೆ ಒಂದೇ ಒಂದು ಹೆಸರು ಹಾಕುತ್ತೇನೆ, ಅದು ನನ್ನದೇ.

ನೋಟ್‌ಬುಕ್ಕಿನಲ್ಲಿ ನನಗೆ ತುಂಬ ಇಷ್ಟವಾದದ್ದು ಆಸೆಯ ಪುಟ. ಆಸೆ, ಭರವಸೆ ಅನ್ನುವ ಅರ್ಥ ಬರುವ ಹೆಸರುಗಳೆಲ್ಲ ಅಲ್ಲಿವೆ. ಮೊದಲಿಗೆ ಆಶಾ. ನಾನು ಕೆಲಸಕ್ಕೆ ಸೇರಿದಾಗ ಪ್ರತಿ ಕ್ಲಾಸಿನಲ್ಲಿ ಇಬ್ಬರು ಆಶಾಗಳಿರುತ್ತಿದ್ದರು, ನಿವೃತ್ತಿಯಾಗುವ ಹೊತ್ತಿಗೆ ಹುಡುಕಿದರೂ ಒಬ್ಬಳು ಸಿಗುತ್ತಿರಲಿಲ್ಲ. ಆಕಾಂಕ್ಷಾ, ಅಭಿಲಾಷಾ ಕೊಂಚ ಹಟದ ಹೆಸರುಗಳು, ಬೇಕು ಅಂದರೆ ಬೇಕೇ ಬೇಕು ಅನ್ನುವಂಥವು. ನಿರೀಕ್ಷಾ, ಪ್ರತೀಕ್ಷಾ, ಅಪೇಕ್ಷಾ ಅಕ್ಕತಂಗಿಯರು. ಮೂವರೊಳಗೂ ಸಂಸ್ಕೃತದ 'ಈಕ್ಷ್' ಎಂಬ ಧಾತು ಕೂತಿದೆ, ಅಂದರೆ ನೋಡುವುದು. ಬಾಗಿಲಲ್ಲಿ ನಿಂತು ದಾರಿ ನೋಡುವವರ ಹೆಸರುಗಳು ಅವು. ಶಿಡ್ಲಘಟ್ಟದ ಉರ್ದು ಶಾಲೆಯ ಟೀಚರೊಬ್ಬರು ನನ್ನ ಜೊತೆ ಬಸ್ಸಿನಲ್ಲಿ ಬರುತ್ತಿದ್ದರು. ಉಮೀದ್, ಆರ್ಜೂ ಪಾರಸಿಯವು, ತಮನ್ನಾ ಅರಬ್ಬಿಯದು ಅಂತ ಬರೆಸಿದ್ದು ಅವರೇ. ಅರಬ್ಬಿಯಲ್ಲಿ ಅಮಲ್ ಅಂದರೂ ಆಸೆಯಂತೆ. ಅದನ್ನು ಬರೆದುಕೊಂಡೆನೇ ಹೊರತು ಯಾರಿಗೂ ಹೇಳಲಿಲ್ಲ. ನಮ್ಮ ಕಡೆ ಆ ಹೆಸರಿಟ್ಟರೆ ಹುಡುಗಿಗೆ ಗಂಡು ಸಿಗುವುದು ಕಷ್ಟ.

ಈ ಪುಟದಲ್ಲಿ ಬರೆಯದೆ ಬಿಟ್ಟ ಹೆಸರೊಂದಿತ್ತು. ಅದು ತಿಪ್ಪಮ್ಮ.

ನನಗಿಂತ ಮುಂಚೆ ನಮ್ಮಮ್ಮನಿಗೆ ಎರಡು ಮಕ್ಕಳು ಹುಟ್ಟಿ ಹೋಗಿದ್ದವು. ಹಾಗಾದ ಮನೆಗಳಲ್ಲಿ ಮುಂದಿನ ಮಗುವನ್ನು ಮೊರದಲ್ಲಿ ಮಲಗಿಸಿ ಹಟ್ಟಿಯ ತಿಪ್ಪೆಯ ಮೇಲೆ ಇಡುವ ಪದ್ಧತಿ ನಮ್ಮ ಕಡೆ ಇತ್ತು. ಸಗಣಿ, ಕಸ, ಒಲೆಯ ಬೂದಿ ಬೀಳುವ ಜಾಗ. ತಾಯಿ ಬೆನ್ನು ತಿರುಗಿಸಿ ಬಂದುಬಿಡಬೇಕು. ಮಕ್ಕಳು ಉಳಿದಿರುವ ನೆರೆಮನೆಯ ಹೆಂಗಸು ಹೋಗಿ ಮಗುವನ್ನು ಎತ್ತಿಕೊಂಡು ಬಂದು "ತಿಪ್ಪೇಲಿ ಸಿಕ್ತು, ಬೇಕಾ?" ಅನ್ನಬೇಕು. ತಾಯಿ ಒಂದು ಮೊರ ತೌಡು ಕೊಟ್ಟು, ತಿಪ್ಪ, ತಿಪ್ಪಮ್ಮ ಅಂತ ತಿಪ್ಪೆಯ ಹೆಸರೇ ಹಿಡಿದು ಕರೆದು, ಕೊಂಡುಕೊಳ್ಳಬೇಕು. ಯಾರೋ ಎಸೆದ ಕಸ, ದನಕ್ಕೆ ಹಾಕುವ ತೌಡಿಗೆ ಸಿಕ್ಕಿದ್ದು, ಇದನ್ನು ಕದ್ದು ಏನು ಮಾಡಲಿ ಎಂದು ಯಮ ಮೂಗು ಮುರಿದು ಹೋಗಲಿ ಅಂತ. ಹಾಗೆ ಕೊಂಡ ಮಗು ನಾನು. ಗೌರಿಬಿದನೂರಿನ ನಮ್ಮ ಬೀದಿಗೆಲ್ಲ ನಾನು ತಿಪ್ಪಿ.

ಶಾಲೆಗೆ ಸೇರಿಸುವಾಗ ಮೇಷ್ಟರು ಬೇರೆ ಹೆಸರು ಬರೆದುಕೊಂಡರು, ಬದುಕಿದೆ ಅನ್ನಿಸಿತು. ಮನೆಯಲ್ಲಿ ಮಾತ್ರ ತಿಪ್ಪಿಯೇ. ಮದುವೆ ಗೊತ್ತಾದಾಗ ನಮ್ಮಮ್ಮನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, "ಗಂಡಿನ ಮನೆಯವ್ರ ಮುಂದೆ ಇನ್ಮೇಲೆ ಹಂಗೆ ಕರೀಬೇಡಮ್ಮ, ಮಾನ ಹೋಗುತ್ತೆ" ಅಂದಿದ್ದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ "ಆಗಲಿ ಬಿಡಮ್ಮ" ಅಂದಳು. ಅಷ್ಟೇ. ಆಮೇಲೆ ನನಗೆ ಕೆಲಸ ಸಿಕ್ಕಿತು, ಅವಳು ನನ್ನನ್ನು "ಮೇಡಂ" ಅಂತ ಕರೆಯಲು ಶುರು ಮಾಡಿದಳು. ಮೊದಲು ತಮಾಷೆಗೆ ಅಂದುಕೊಂಡೆ. ನಲವತ್ತು ವರ್ಷವಾಯಿತು, ಇನ್ನೂ ಮೇಡಮ್ಮೇ.

ಈಗ ನನ್ನ ತಂಗಿಯ ಮಗಳ ವಿಷಯಕ್ಕೆ ಬರುತ್ತೇನೆ. ತಂಗಿ ಇರುವುದು ಚಿಂತಾಮಣಿಯಲ್ಲಿ. ಎಂಬತ್ತಾರು ವರ್ಷದ ಅಮ್ಮನೂ ಅವಳ ಜೊತೆಗಿದ್ದಾಳೆ. ತಂಗಿಯ ಮಗಳಿಗೆ ಗೌರಿಬಿದನೂರಿನ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ, ಗಂಡನ ಮನೆ ಮೇಲೂರು. ಮೂರು ವರ್ಷದ ಹಿಂದೆ ಅವಳು ಬಸುರಿಯಾದಾಗ ಐದನೇ ತಿಂಗಳಿಗೇ ಫೋನ್ ಮಾಡಿ "ದೊಡ್ಡಮ್ಮ, ಹೋಪ್ ಅನ್ನೋ ಅರ್ಥ ಬರೋ ಹೆಸ್ರು ಬೇಕು" ಅಂದಿದ್ದಳು. ನಾನು ಪ್ರತೀಕ್ಷಾ ಅಂತ ಹೇಳಿದ್ದಷ್ಟೇ ಅಲ್ಲ, ಅರ್ಥ ಸಮೇತ ದಪ್ಪ ಹಾಳೆಯಲ್ಲಿ ಬರೆದು ಕಳಿಸಿದ್ದೆ. ಹೆಣ್ಣೇ ಅಂತ ಅವಳಿಗೆ ಗ್ಯಾರಂಟಿ. ಹೊಟ್ಟೆಯನ್ನು ಆ ಹೆಸರಿನಿಂದಲೇ ಮಾತಾಡಿಸುತ್ತಿದ್ದಳು, ಒಂದು ಕುಲಾವಿಯ ಮೇಲೆ ಗುಲಾಬಿ ದಾರದಲ್ಲಿ ಆ ಹೆಸರನ್ನು ಹೊಲಿದೂ ಇಟ್ಟಿದ್ದಳು. ಏಳನೇ ತಿಂಗಳಲ್ಲಿ ಮಗು ಹೋಯಿತು. ಅದರ ಮರುವರ್ಷ ಇನ್ನೊಂದು, ಮೂರೇ ತಿಂಗಳಿಗೆ. ನಾನು ಆ ಹಾಳೆಯನ್ನು ನೆನೆಸಿಕೊಂಡು ಎಷ್ಟು ಸಲ ಅತ್ತಿದ್ದೇನೋ ನನಗೇ ಗೊತ್ತಿಲ್ಲ.

ಹೋದ ವರ್ಷ ದೀಪಾವಳಿ ಹೊತ್ತಿಗೆ ಅವಳಿಗೆ ಹೆಣ್ಣುಮಗು ಹುಟ್ಟಿತು. ಮೂರು ಕೇಜಿ, ತಲೆತುಂಬ ಕೂದಲು, ಗಂಟಲಂತೂ ಇಡೀ ಆಸ್ಪತ್ರೆಗೆ ಕೇಳುವಂಥದ್ದು. ಬಾಣಂತನಕ್ಕೆ ಚಿಂತಾಮಣಿಗೆ ಬಂದಳು. ಹನ್ನೊಂದನೇ ದಿನ ನಾಮಕರಣ ಮಾಡೋಣ ಅಂದರೆ ಬೇಡ ಅಂದಳು. ತಿಂಗಳು ತುಂಬಲಿ ಅಂದಳು. ತುಂಬಿದ ಮೇಲೆ ನೋಡೋಣ ಅಂದಳು. ನಾನು ನೋಟ್‌ಬುಕ್ ಹಿಡಿದು ಚಿಕ್ಕಬಳ್ಳಾಪುರದಿಂದ ಬಸ್ಸು ಹತ್ತಿ ಹೋದೆ. ಅವಳು ಅದನ್ನು ತೆರೆಯಲೂ ಇಲ್ಲ.

ಆಗ ಗಮನಿಸಿದೆ. "ಇದಕ್ಕೆ ಹಾಲು ಕೊಟ್ಟೆ", "ಇದು ಮಲಗಿದೆ", "ಇದರ ಬಟ್ಟೆ ಒಣಗಿದ್ಯಾ ನೋಡಮ್ಮ" ಅನ್ನುತ್ತಾಳೆ. ಪುಟ್ಟಿ, ಬಂಗಾರಿ ಅಂತ ಕೂಡ ಇಲ್ಲ. ಮಗುವನ್ನು ಎದೆಗೊತ್ತಿಕೊಂಡು ಕೂತಿರುತ್ತಾಳೆ, ಬಾಯಿ ಮಾತ್ರ ಬಿಡುವುದಿಲ್ಲ. ಜನನ ಪತ್ರದಲ್ಲಿ ಹೆಸರಿನ ಜಾಗ ಖಾಲಿ. ತಂಗಿ ಹಿತ್ತಲಲ್ಲಿ ನನ್ನ ಹತ್ತಿರ ಬಂದು ಕಣ್ಣೀರು ಹಾಕಿದಳು. "ಮೂರು ತಿಂಗಳಾಯ್ತಕ್ಕ, ಮಗೂನ ಒಂದ್ಸಲಾನೂ ಕೂಗಿಲ್ಲ ಇವ್ಳು. ಹೆಸ್ರಿಟ್ರೆ ಹೊರಟೋಗುತ್ತೆ ಅಂತ ಭಯ ಅವ್ಳಿಗೆ."

ಮೊದಲು ಹೋದದ್ದು ನಾನು ಇಟ್ಟ ಹೆಸರೇ ತಾನೇ.

ಒಳಗೆ ಮಂಚದ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಅಮ್ಮ ಸುಮ್ಮನೆ ಕೇಳುವಂತೆ ಮೊಮ್ಮಗಳನ್ನು ಕೇಳಿದಳು. "ಏನಮ್ಮಾ, ಪಾಪೂನ ತಿಪ್ಪೆಗೆ ಹಾಕಿ ತರೋಣ್ವಾ?"

"ಹೂಂ ಅಜ್ಜಿ" ಅಂದುಬಿಟ್ಟಳು ಅವಳು. ಬಿ.ಕಾಂ. ಮಾಡಿದವಳು, ಕಚೇರಿಯಲ್ಲಿ ಕಂಪ್ಯೂಟರ್ ಕುಟ್ಟುವವಳು. ನಾನು ಕೊಟ್ಟ ಹೆಸರು ಒಂದೂ ಬೇಡವಂತೆ, ತಿಪ್ಪೆ ಬೇಕಂತೆ! ನನಗೆ ಮೈಯೆಲ್ಲ ಉರಿಯಿತು. "ಮೂರು ತಿಂಗಳ ಮಗೂಗೆ ಸೋಂಕು ತಗುಲಿದ್ರೆ ಯಾರಮ್ಮ ಜವಾಬ್ದಾರಿ?" ಅಂತ ಕೂಗಾಡಿದೆ. ಅಮ್ಮ ಅವರೆಕಾಯಿಯಿಂದ ತಲೆ ಎತ್ತಲಿಲ್ಲ. "ಮೇಡಂನೋರಿಗೆ ಏನೂ ಸೋಂಕು ತಗುಲ್ಲಿಲ್ವಲ್ಲ" ಅಂದಳು. ನಾನು ತಕ್ಷಣ ಮಾತು ಬದಲಿಸಿದೆ. ಹೊಸ ಮೊರ ಇರಬೇಕು, ಒಗೆದ ಬಟ್ಟೆ ಹಾಸಬೇಕು, ಎರಡು ನಿಮಿಷಕ್ಕಿಂತ ಜಾಸ್ತಿ ಇಡಕೂಡದು ಅಂತ ಷರತ್ತು ಹಾಕಿ ಒಪ್ಪಿಕೊಂಡೆ.

ಒಪ್ಪಿದ ಮೇಲೆ ಶುರುವಾಯಿತು ನೋಡಿ ತಮಾಷೆ. ತಿಪ್ಪೆ ಎಲ್ಲಿದೆ? ಚಿಂತಾಮಣಿಯ ತಂಗಿ ಮನೆ ಬಡಾವಣೆಯಲ್ಲಿದೆ. ಟೆರೇಸಿನ ಮೇಲೆ ನೀಲಿ ಡ್ರಮ್ಮಿನಲ್ಲಿ ತರಕಾರಿ ಸಿಪ್ಪೆ ಕೊಳೆಸಿ ಗೊಬ್ಬರ ಮಾಡುತ್ತಾಳೆ. ಅಮ್ಮ ಅದನ್ನು ನೋಡಿ "ಇದು ಡಬ್ಬ, ತಿಪ್ಪೆ ಅಲ್ಲ" ಅಂತ ತಳ್ಳಿಹಾಕಿದಳು. ಗೌರಿಬಿದನೂರಿನ ನಮ್ಮ ಹಳೇ ತಿಪ್ಪೆಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ನಮ್ಮ ಚಿಕ್ಕಬಳ್ಳಾಪುರದ ಹೂವಿನ ತೋಟಗಳಿಗೆ ಗೊಬ್ಬರ ಮೂಟೆಯಲ್ಲಿ ಬರುತ್ತದೆ. ನಾನು ಹಳೇ ವಿದ್ಯಾರ್ಥಿಗಳಿಗೆಲ್ಲ ಫೋನ್ ಮಾಡಿ "ನಿಮ್ಮನೇಲಿ ತಿಪ್ಪೆ ಇದ್ಯೇನಪ್ಪ?" ಅಂತ ಕೇಳಿದೆ. ಒಬ್ಬ, "ಮೇಡಂ, ಆರೋಗ್ಯ ತಾನೇ ನಿಮ್ದು?" ಅಂದ.

ಕೊನೆಗೆ ತಂಗಿಯ ಅಳಿಯನಿಗೇ ಹೊಳೆಯಿತು. "ನಮ್ ಮೇಲೂರಲ್ಲೇ ಇದ್ಯಲ್ಲ ಅತ್ತೆ. ಎರಡು ಹಸು ಇವೆ, ರೇಷ್ಮೆ ಹುಳು ಮೇಯಿಸ್ತೀವಿ, ಹುಳದ ಹಿಕ್ಕೆ, ಹಿಪ್ನೇರಳೆ ಸೊಪ್ಪಿನ ಕಡ್ಡಿ ಎಲ್ಲಾ ಅಲ್ಲಿಗೇ ಹಾಕೋದು. ಆಳೆತ್ತರ ಇದೆ." ಅಮ್ಮನಿಗೆ ಇದಕ್ಕಿಂತ ಇನ್ನೇನು ಬೇಕು? ಭಾನುವಾರ ಬರುತ್ತೇವೆ, ಮಗುವಿಗೆ ಹೆಸರಿಡುವ ಶಾಸ್ತ್ರ ನಿಮ್ಮ ಹಟ್ಟಿಯಲ್ಲೇ ಎಂದು ಬೀಗಿತ್ತಿಗೆ, ಅಂದರೆ ಅಳಿಯನ ತಾಯಿಗೆ, ಫೋನ್ ಹೋಯಿತು. ಫೋನ್ ಮಾಡಿದವಳು ನಾನು. ತಿಪ್ಪೆ ಅನ್ನುವ ಮಾತು ನನ್ನ ಬಾಯಲ್ಲಿ ಬರಲಿಲ್ಲ, ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದೆ.

ಭಾನುವಾರ ಬೆಳಗ್ಗೆ ಮಂಜು ಕರಗುವ ಹೊತ್ತಿಗೆ ಕಾರಿನಲ್ಲಿ ಮೇಲೂರಿಗೆ ಇಳಿದೆವು. ಅಮ್ಮನ ಕಂಕುಳಲ್ಲಿ ಹೊಸ ಮೊರ, ತಂಗಿಯ ಕೈಯಲ್ಲಿ ತೌಡಿನ ಚೀಲ. ಹಟ್ಟಿಯೊಳಗೆ ಕಾಲಿಟ್ಟವರು ಅಲ್ಲೇ ನಿಂತುಬಿಟ್ಟೆವು. ನೆಲ ಸಾರಿಸಿ ಕನ್ನಡಿಯಂತಾಗಿತ್ತು. ಹಸುಗಳ ಕೊಂಬಿಗೆ ಬಣ್ಣ. ತಿಪ್ಪೆ ಇರಬೇಕಾದ ಮೂಲೆಯಲ್ಲಿ ಐದು ಬಣ್ಣದ ದೊಡ್ಡ ರಂಗೋಲಿ!

ಬೀಗಿತ್ತಿ ರೇಷ್ಮೆ ಸೀರೆಯಲ್ಲಿ ಕೈಮುಗಿದು ಬಂದರು. "ನೆನ್ನೆ ಟ್ರಾಕ್ಟರ್ ಕರೆಸಿ ಎಲ್ಲಾ ಎತ್ತಿಸಿ ಸೊಪ್ಪಿನ ತೋಟಕ್ಕೆ ಹೊಡೆಸ್ಬಿಟ್ಟೆ ಮೇಡಂ. ಟೌನಿಂದ ಬರೋ ಬೀಗರು, ಹೆಸರಿಡೋ ಶಾಸ್ತ್ರ, ಗಬ್ಬುನಾತ ಇರ್ಬಾರ್ದು ನೋಡಿ."

ಅಳಿಯ ತಲೆ ಮೇಲೆ ಕೈಹೊತ್ತು ಜಗಲಿಯ ಮೇಲೆ ಕೂತ. ಅಮ್ಮ ಒಮ್ಮೆ ರಂಗೋಲಿಯನ್ನೂ ಒಮ್ಮೆ ನನ್ನನ್ನೂ ನೋಡಿದಳು. ತಪ್ಪು ಯಾರದು ಅಂತ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆಮೇಲೆ ಬಾಯಿಗೆ ಸೆರಗು ಹಿಡಿದು ನಗಲು ಶುರು ಮಾಡಿದಳು. ವಿಷಯ ಗೊತ್ತಾದ ಬೀಗಿತ್ತಿ ಒಂದು ಕ್ಷಣ ಪೆಚ್ಚಾದರು. ಮರುಕ್ಷಣವೇ ಸೆರಗು ಸೊಂಟಕ್ಕೆ ಸಿಗಿಸಿ ಗೋಡೆಯಾಚೆಗೆ ಕೂಗಿದರು. "ಅಮ್ಮಯ್ಯಾ, ಒಂದು ಮಂಕರಿ ಸಗಣಿ ಕೊಡ್ತೀಯಾ? ಅರ್ಜೆಂಟು!"

ಇಡೀ ಬೀದಿಯೇ ಬಂತು. ಒಬ್ಬರು ಸಗಣಿ ತಂದರು, ಒಬ್ಬರು ಒಲೆಯ ಬೂದಿ, ಮೂರನೇ ಮನೆಯವರು ಹುಳದ ಹಿಕ್ಕೆ. ಯಾರೋ ಒಣಗಿದ ಸೊಪ್ಪಿನ ಕಡ್ಡಿಯ ಹೊರೆ ತಂದು ಸುರಿದರು. ಮಂಕರಿ ಬಂದ ಹಾಗೆಲ್ಲ ನಗು, ಕೂಗಾಟ. ಬೀಗಿತ್ತಿ ತಾವೇ ಕೂತು ಹಾಕಿದ್ದ ರಂಗೋಲಿಯ ಮೇಲೆ ತಾವೇ ಮೊದಲ ಮಂಕರಿ ಹಾಕಿದರು. ಅರ್ಧ ಗಂಟೆಯಲ್ಲಿ ಮೊಣಕಾಲೆತ್ತರದ ತಿಪ್ಪೆ ಎದ್ದಿತು. ನನ್ನ ಜನ್ಮದಲ್ಲಿ ತಿಪ್ಪೆಗೆ ಚಪ್ಪಾಳೆ ತಟ್ಟಿದ್ದು ಅದೊಂದೇ ಸಲ.

ಅಮ್ಮ ಮೊರದಲ್ಲಿ ಬಟ್ಟೆ ಹಾಸಿ ಮಗುವನ್ನು ಮಲಗಿಸಿ, ಮೆಲ್ಲಗೆ ತಿಪ್ಪೆಯ ಮೇಲಿಟ್ಟಳು. ನಾನು ವಾಚ್ ನೋಡುತ್ತಾ ನಿಂತೆ. ತಂಗಿಯ ಮಗಳು ಬೆನ್ನು ತಿರುಗಿಸಿದಳು. ಮಗು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೈಕಾಲು ಆಡಿಸುತ್ತಿತ್ತು. ನಾಲ್ಕು ಮಕ್ಕಳನ್ನು ಹೆತ್ತು ಬೆಳೆಸಿದ ಪಕ್ಕದ ಮನೆಯ ತೆಲುಗಿನಮ್ಮ ಅದನ್ನು ಎತ್ತಿಕೊಂಡು ಬಂದು, "ತಿಪ್ಪಲೋ ದೊರಿಕಿಂದಮ್ಮಾ. ಬೇಕಾ ನಿಂಗೆ? ಬೇಕಂದ್ರೆ ತೌಡು ಕೊಟ್ಟು ಹೆಸ್ರು ಕೂಗಿ ತಗೊ" ಅಂದರು.

ತೌಡಿನ ಮೊರ ಅವಳ ಕೈಯಲ್ಲಿತ್ತು. ಕೊಟ್ಟಳು. ಹೆಸರಿನ ಹೊತ್ತಿಗೆ ಬಾಯಿ ತೆರೆದಳು, ಮುಚ್ಚಿದಳು.

"ಆಗ್ತಿಲ್ಲ ಅಜ್ಜಿ" ಅಂದಳು. "ಹೆಸ್ರು ಬಾಯಿಗೆ ಬಂದ್ರೇನೆ ಭಯ ಆಗುತ್ತೆ. ಇದೂ ಹೋದ್ರೆ? ಉಳಿದ್ರೂ, ದೊಡ್ಡೋಳಾಗಿ ಇಂಥ ಹೆಸ್ರು ಯಾಕಿಟ್ಟೆ ಅಂತ ನನ್ನ ಬೈದ್ರೆ?"

ಅಮ್ಮ ನನ್ನ ಕಡೆ ನೋಡಿದಳು. ತುಟಿಯವರೆಗೆ ಬಂದ ಮಾತನ್ನು ನುಂಗಿಕೊಂಡದ್ದು ನನಗೆ ಕಾಣಿಸಿತು. ನಲವತ್ತು ವರ್ಷದ ಹಿಂದೆ ಅಡುಗೆಮನೆಯಲ್ಲಿ ನಾನು ತೆಗೆದುಕೊಂಡ ಮಾತು ಅದು. ಈ ಮಗುವಿಗಾಗಿಯೂ ಅವಳು ಅದನ್ನು ಮುರಿಯುತ್ತಿರಲಿಲ್ಲ. ನನಗೆ ನಾಚಿಕೆಯಾಯಿತು. ಹೆಸರಿನ ಬಗ್ಗೆ ಅಲ್ಲ, ನನ್ನ ಬಗ್ಗೆ.

"ಇಲ್ಲಿ ನೋಡೇ" ಅಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು, ಕ್ಲಾಸಿನ ದನಿ. "ನಂಗಿಂತ ಮುಂಚೆ ನಿಮ್ಮಜ್ಜಿಗೂ ಎರಡು ಹೋಗಿದ್ವು. ನನ್ನೂ ತಿಪ್ಪೆಗೆ ಹಾಕಿ, ತೌಡು ಕೊಟ್ಟೇ ತಂದಿದ್ದು. ನನ್ನ ಹೆಸ್ರು ತಿಪ್ಪಮ್ಮ ಕಣೇ. ಮನೇಲಿ ತಿಪ್ಪಿ ಅಂತಿದ್ರು. ಅರವತ್ಮೂರು ವರ್ಷ ಆಯ್ತು, ಬಿಪಿ ಒಂದು ಬಿಟ್ರೆ ಕಲ್ಲುಗುಂಡಿನ ಥರ ಇದೀನಿ. ನಾಚ್ಕೊಂಡಿದ್ದು ನಿಜ. ನಾಚ್ಕೊಳ್ಳೋಕೆ ಬದುಕಿದ್ನಲ್ಲ! ಇವ್ಳೂ ಬದುಕ್ಲಿ, ಬೇಕಾದ್ರೆ ನಾಚ್ಕೊಳ್ಳಿ, ನಿನ್ನ ಹತ್ರ ಜಗಳ ಆಡ್ಲಿ." ಅಲ್ಲಿಗೆ ನನ್ನ ದನಿ ಒಡೆಯಿತು. "ಆ ಸಲ ಹಾಳೆ ಮೇಲೆ ಬರ್ದು ಕಳಿಸಿದ್ನಲ್ಲ, ಅದಕ್ಕೆ ನನ್ನ ಕ್ಷಮಿಸಮ್ಮ."

ಅವಳು ನನ್ನನ್ನೇ ನೋಡುತ್ತಾ ನಿಂತಳು. "ದೊಡ್ಡಮ್ಮ, ನೀವು ತಿಪ್ಪಿನಾ?" ಅಂದಳು. ಆಮೇಲೆ ಕಣ್ಣಲ್ಲಿ ನೀರು ಹರಿಯುತ್ತಿದ್ದಂತೆಯೇ ನಗು ಶುರುವಾಯಿತು. ಮೂರು ವರ್ಷದಿಂದ ಕೇಳದ ನಗು. ಬೀದಿಯೂ ನಕ್ಕಿತು, ಬೀಗಿತ್ತಿ ಸಗಣಿಯ ಕೈಯಲ್ಲೇ ಕಣ್ಣು ಒರೆಸಿಕೊಂಡರು. ನಗುತ್ತಲೇ ಅವಳು ಎರಡು ಕೈ ಚಾಚಿ, ತನ್ನ ಮಗುವನ್ನು ಮೊದಲ ಸಲ ಕೂಗಿದಳು.

"ತಿಪ್ಪೀ!"

"ಓ" ಅಂದೆ ನಾನು.

ಅಭ್ಯಾಸಬಲ. ನಲವತ್ತು ವರ್ಷವಾದರೂ ಬಾಯಿ ತಾನೇ ಓಗೊಟ್ಟಿತ್ತು. "ನಿನ್ನಲ್ಲ ಕಣೇ!" ಅಂತ ತಂಗಿ ಕೂಗಿದಳು, ನಗು ಬೀದಿಯ ಆಚೆ ತುದಿವರೆಗೂ ಹೋಯಿತು. ಅಷ್ಟರಲ್ಲಿ ಮಗು ತಾಯಿಯ ತೋಳಿಗೆ ಬಂದಾಗಿತ್ತು. ಅವಳು ಅದರ ಕಿವಿಯ ಹತ್ತಿರ ಬಾಯಿಟ್ಟು ಮತ್ತೆ ಮತ್ತೆ ಕರೆಯುತ್ತಿದ್ದಳು, ಮೂರು ತಿಂಗಳ ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸುವವಳ ಹಾಗೆ. ಸರ್ಕಾರಿ ಕಾಗದಕ್ಕೆ ಬೇರೆ ಹೆಸರು ಬೇಕಲ್ಲ ಅಂತ ಗಂಡ ಕೇಳಿದ್ದಕ್ಕೆ, "ಅದನ್ನ ದೊಡ್ಡಮ್ಮನ ಬುಕ್ಕಲ್ಲಿ ನೋಡಿ ಆರಿಸ್ತೀನಿ, ಅರ್ಜೆಂಟೇನೂ ಇಲ್ಲ" ಅಂದಳು.

ಊಟಕ್ಕೆ ಒಬ್ಬಟ್ಟು, ಮುದ್ದೆ, ಹಿತಕಬೇಳೆ ಸಾರು. ಎಲೆ ಹಾಕುವ ಗಲಾಟೆಯಲ್ಲಿ ನಾನು ಒಬ್ಬಳೇ ಜಗಲಿಯ ಮೇಲೆ ಕೂತು ಬ್ಯಾಗಿನಿಂದ ನೋಟ್‌ಬುಕ್ ತೆಗೆದೆ. ಆಸೆಯ ಪುಟದಲ್ಲಿ, ತಮನ್ನಾದ ಕೆಳಗೆ, ಒಂದು ಸಾಲು ಖಾಲಿ ಇತ್ತು. ತಿಪ್ಪಮ್ಮ ಅಂತ ದುಂಡಗೆ ಬರೆದೆ. ಭಾಷೆ ಕನ್ನಡ, ತೆಲುಗು ಎರಡೂ. ಅರ್ಥದ ಜಾಗದಲ್ಲಿ ತಿಪ್ಪೆಯಲ್ಲಿ ಸಿಕ್ಕಿದವಳು ಎಂದು ಬರೆಯಲು ಹೋಗಿ ತಡೆದು, 'ಬದುಕಿರಲಿ' ಅಂತ ಬರೆದೆ.

ತಲೆ ಎತ್ತಿದರೆ ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಏನೋ ಕೇಳಬೇಕು, ಕೇಳಲು ಸಂಕೋಚ ಅನ್ನುವ ಮುಖ.

"ಮೇಡಂ" ಅಂದಳು. "ನಾನೂ ಕರೀಬೋದಾ ಇನ್ಮೇಲೆ?"

ತಲೆಯಾಡಿಸಿದೆ. ಅವಳು ನಿಧಾನವಾಗಿ ತಿರುಗಿ ಒಳಗೆ ಹೋದಳು. ಎಲೆಯ ಮುಂದೆ ಕೂತು, ಗೌರಿಬಿದನೂರಿನ ಬೀದಿಯಲ್ಲಿ ಆಡಲು ಹೋದ ಮಗಳನ್ನು ಕೂಗುತ್ತಿದ್ದಳಲ್ಲ, ಅಷ್ಟೇ ಜೋರಾಗಿ ಕೂಗಿದಳು.

"ಲೇ ತಿಪ್ಪೀ, ಸಾರು ಆರೋಗ್ತದೆ, ಬಾರೇ!"

"ಓ, ಬಂದೆ" ಅಂದೆ.